ಕೇಪ್‌ಟೌನ್‌ನ ಮೂರು ಗಂಟೆ ಮತ್ತು ನಂದಿ ಬೆಟ್ಟದ ಲೆಕ್ಕ

ಮಾನ್ಯ ಸಂಪಾದಕರೇ,

ಹವ್ಯಾಸಿ ಸೈಕ್ಲಿಸ್ಟರ ಬಗ್ಗೆ ಪತ್ರಿಕೆಗಳಲ್ಲಿ ಸುದ್ದಿ ಬಂದಾಗಲೆಲ್ಲ ಅಂಕಿ ಒಂದೇ ಇರುತ್ತದೆ: ಇಷ್ಟು ಕಿ.ಮೀ. ದೂರವನ್ನು ಇಷ್ಟು ಗಂಟೆಯಲ್ಲಿ ಮುಗಿಸಿದರು. ಓದಿದವರು ಅದನ್ನು ಕಾಲಿನ ಕಸುವಿನ ಅಳತೆ ಎಂದುಕೊಳ್ಳುತ್ತಾರೆ. ಬೆಂಗಳೂರಿನಿಂದ ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಸೈಕಲ್ ಟೂರ್ ಎಂಬ ಸ್ಪರ್ಧೆಗೆ ಹೋಗಬೇಕೆಂದು ಹೊರಡುವವರೂ ಹಾಗೇ ಅಂದುಕೊಂಡು ವಾರಕ್ಕೆ ಮೂರು ಸಲ ನಂದಿ ಬೆಟ್ಟ ಹತ್ತುತ್ತಾರೆ, ಸಾಲ ಮಾಡಿ ಕಾರ್ಬನ್ ಚಕ್ರ ಕೊಳ್ಳುತ್ತಾರೆ. ಆ ಸ್ಪರ್ಧೆಯಲ್ಲಿ ‘ಮೂರು ಗಂಟೆಯೊಳಗೆ’ ಎನ್ನುವ ಗುರಿ ಕೈಕೊಡುವುದು ಬಹುತೇಕ ಬೇರೆ ಕಡೆ. ಅದೆಲ್ಲಿ ಎಂದು ತಿಳಿಸಲು ಈ ಪತ್ರ. ಸ್ವಲ್ಪ ಉದ್ದವಾಗಿದೆ, ಕ್ಷಮಿಸಿ. 109 ಕಿ.ಮೀ. ದಾರಿಯನ್ನು ನಾಲ್ಕು ಸಾಲಿನಲ್ಲಿ ಹೇಳಲಾಗದು.

ಮೊದಲು ಸ್ಪರ್ಧೆಯ ಪರಿಚಯ. ಪ್ರತಿ ಮಾರ್ಚ್‌ನಲ್ಲಿ ನಡೆಯುತ್ತದೆ. ಕೇಪ್‌ಟೌನ್ ನಗರದಿಂದ ಹೊರಟು ದಕ್ಷಿಣದ ಪರ್ಯಾಯ ದ್ವೀಪವನ್ನು ಸುತ್ತಿ ಗ್ರೀನ್ ಪಾಯಿಂಟ್‌ಗೆ ಮರಳುವ ದಾರಿ. 35 ಸಾವಿರ ಮಂದಿಯವರೆಗೂ ಹೆಸರು ಕೊಡುತ್ತಾರೆ, ರಸ್ತೆಯನ್ನು ಪೂರ್ತಿ ವಾಹನಗಳಿಗೆ ಮುಚ್ಚಲಾಗುತ್ತದೆ. ಇದು ಹುಟ್ಟಿದ್ದು ಕ್ರೀಡೆಗಾಗಿ ಅಲ್ಲ ಎಂಬುದು ನಮ್ಮ ನಗರಪಾಲಿಕೆಗಳಿಗೂ ಗೊತ್ತಿರಲಿ: 1977ರಲ್ಲಿ ಬಿಲ್ ಮೈಲ್‌ರೇ ಮತ್ತು ಜಾನ್ ಸ್ಟೆಗ್‌ಮನ್ ಎಂಬಿಬ್ಬರು, ಊರಿಗೆ ಸೈಕಲ್ ಪಥ ಬೇಕು ಎಂದು ಜನರನ್ನು ಸೇರಿಸಿ ಮೆರವಣಿಗೆ ತೆಗೆದರು. ಮರುವರ್ಷ ಅದೇ ಸ್ಪರ್ಧೆಯಾಯಿತು. 1978ರಲ್ಲಿ ಹೊರಟವರು 525 ಮಂದಿ. ಗೆದ್ದ ಲಾರೆನ್ಸ್ ವಿಟೇಕರ್ ತೆಗೆದುಕೊಂಡದ್ದು 3 ಗಂಟೆ 2 ನಿಮಿಷ 24 ಸೆಕೆಂಡು. ಆಗ ದಾರಿ ಈಗಿನದಕ್ಕಿಂತ ಕೊಂಚ ಕಡಿಮೆಯೇ ಇತ್ತು. ಅಂದರೆ ಮೊದಲ ವರ್ಷ ಗೆದ್ದವನಿಗೇ ದಕ್ಕದ ಮೂರು ಗಂಟೆಯನ್ನು ಇಂದು ಬ್ಯಾಂಕ್ ನೌಕರರು, ಮೇಷ್ಟರು, ವೈದ್ಯರು ನೂರಾರು ಸಂಖ್ಯೆಯಲ್ಲಿ ದಾಟುತ್ತಾರೆ. ಸೈಕಲ್ ಸುಧಾರಿಸಿದೆ, ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ, ಸುತ್ತ ತುಳಿಯುವ ಜನ ಹೆಚ್ಚಿದ್ದಾರೆ.

ಲೆಕ್ಕ ನೋಡಿ. 109 ಕಿ.ಮೀ.ಗೆ ಮೂರು ಗಂಟೆ ಎಂದರೆ ಸರಾಸರಿ ಗಂಟೆಗೆ 36.3 ಕಿ.ಮೀ. ನಡುವೆ ಒಟ್ಟು ಸಾವಿರದಿನ್ನೂರು ಮೀಟರ್ ಆಸುಪಾಸಿನ ಏರು ಇದೆ. ಏರಿನಲ್ಲಿ 20ಕ್ಕೆ ಇಳಿಯುವ ವೇಗವನ್ನು ಸಮತಟ್ಟಿನಲ್ಲಿ 40ರ ಮೇಲೆ ಹೋಗಿ ತುಂಬಿಕೊಳ್ಳಬೇಕು. 75 ಕೆ.ಜಿ. ತೂಕದ ಒಬ್ಬನೇ ಮನುಷ್ಯ, ಗಾಳಿಯಿಲ್ಲದ ಸಮತಟ್ಟು ರಸ್ತೆಯಲ್ಲಿ 40ರ ವೇಗ ಕಾಯ್ದುಕೊಳ್ಳಲು ಸುಮಾರು 300 ವಾಟ್ (ಕಾಲು ಹಾಕುವ ಶಕ್ತಿಯ ಅಳತೆ) ತುಳಿಯಬೇಕು. ಅದೇ ಮನುಷ್ಯ ದೊಡ್ಡ ಗುಂಪಿನ ನಡುವೆ ಕೂತರೆ, ಗಾಳಿಯನ್ನು ಮುಂದಿನವರು ಸೀಳುವುದರಿಂದ, 200 ವಾಟ್‌ಗೇ ಅಷ್ಟು ವೇಗ ಸಿಗುತ್ತದೆ. ಒಂದು ಗಂಟೆ 240 ವಾಟ್ ತಡೆದುಕೊಳ್ಳುವ ಹವ್ಯಾಸಿಗೆ ಮೊದಲನೆಯದು ಕೆಲವೇ ನಿಮಿಷದ ಆಟ, ಎರಡನೆಯದು ಬಹಳ ಹೊತ್ತು ಎಳೆಯಬಹುದಾದ ಕೆಲಸ.

ಇದರ ಜತೆ ಬೆಂಗಳೂರಿನವರು ಮರೆಯುವ ಇನ್ನೊಂದು ಸಂಗತಿ ಇದೆ. ನಮ್ಮೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಇಲ್ಲಿನ ಗಾಳಿ ತೆಳು. ಕೇಪ್‌ಟೌನ್‌ನ ದಾರಿ ಬಹುಪಾಲು ಕಡಲ ಅಂಚಿನಲ್ಲಿದೆ, ಅಲ್ಲಿನ ಗಾಳಿ ನಮ್ಮದಕ್ಕಿಂತ ಶೇ 10ರಷ್ಟು ಗಟ್ಟಿ. ಹಾಗಾಗಿ ದೇವನಹಳ್ಳಿಯ ಆಚೆ 36ರಲ್ಲಿ ಹೋಗುತ್ತಿದ್ದವನು ಅಷ್ಟೇ ವಾಟ್ ತುಳಿದರೆ ಅಲ್ಲಿ 35ರಲ್ಲಿ ಹೋಗುತ್ತಾನೆ. ಕೆಳಗೆ ಆಮ್ಲಜನಕ ಹೆಚ್ಚು ಸಿಗುವುದರಿಂದ ತುಸು ಮರಳಿ ಬರುತ್ತದಾದರೂ ಪೂರ್ತಿ ಅಲ್ಲ. ಮೂರು ಗಂಟೆಯ ದಾರಿಯಲ್ಲಿ ಗಂಟೆಗೆ ಒಂದು ಕಿ.ಮೀ. ವೇಗ ತಗ್ಗಿದರೆ ಐದು ನಿಮಿಷ ಹೋಯಿತು. ಇಲ್ಲಿನ ಸವಾರಿಯ ಸರಾಸರಿ ಹಿಡಿದು ಅಲ್ಲಿನ ಗುರಿ ಕಟ್ಟುವವರು ಹೊರಡುವ ಮೊದಲೇ ಐದು ನಿಮಿಷದ ಸಾಲ ಮಾಡಿಕೊಂಡಿರುತ್ತಾರೆ.

ಇನ್ನು ಹೊರಡುವ ಗುಂಪಿನ ಮಾತು. ಅಲ್ಲಿ ಎಲ್ಲರನ್ನೂ ಒಟ್ಟಿಗೆ ಬಿಡುವುದಿಲ್ಲ. ಹಿಂದಿನ ಸ್ಪರ್ಧೆಗಳ ಸಮಯ ನೋಡಿ, ಅಂದರೆ ಸೀಡಿಂಗ್ ನೋಡಿ, ಗುಂಪು ಗುಂಪಾಗಿ ಕೆಲ ನಿಮಿಷಗಳ ಅಂತರದಲ್ಲಿ ಬಿಡುತ್ತಾರೆ. ಸೀಡಿಂಗ್ ಇಲ್ಲದವನು ಹಿಂದಿನ ಗುಂಪಿಗೆ ಬೀಳುತ್ತಾನೆ. ಸಮಯವನ್ನು ಮೊದಲ ಗುಂಪು ಹೊರಟಾಗಿನಿಂದ ಎಣಿಸುವುದಿಲ್ಲವಲ್ಲ, ಹಿಂದೆ ಹೊರಟರೇನು ಎಂದು ಕೇಳುವವರಿದ್ದಾರೆ. ನಷ್ಟ ಮೂರು ಬಗೆಯದು. ಒಂದು, ನಿಮ್ಮ ಸುತ್ತ ಇರುವವರು ನಾಲ್ಕು ಗಂಟೆಯ ಸವಾರರು, ಅವರ ಬೆನ್ನ ಹಿಂದೆ ಕೂತು 40ರಲ್ಲಿ ಹೋಗಲಾಗದು. ಎರಡು, ನಿಮಗಿಂತ ಮುಂಚೆ ಹೊರಟ ಸಾವಿರಾರು ಮಂದಿ ನಿಧಾನಕ್ಕೆ ರಸ್ತೆ ತುಂಬಿಕೊಂಡಿರುತ್ತಾರೆ, ಅವರ ನಡುವೆ ನುಸುಳುತ್ತ ಬ್ರೇಕ್ ಹಿಡಿಯುವುದು, ಮತ್ತೆ ಎದ್ದು ತುಳಿಯುವುದು. ಮೂರು, ಕೇಪ್‌ಟೌನ್‌ನ ಹೆಸರುವಾಸಿ ಆಗ್ನೇಯ ಗಾಳಿ ಸಾಮಾನ್ಯವಾಗಿ ಹೊತ್ತೇರಿದಂತೆ ಜೋರಾಗುತ್ತದೆ, ತಡವಾಗಿ ಹೊರಟವನಿಗೆ ಅದರ ದೊಡ್ಡ ಪಾಲು. ಆದ್ದರಿಂದ ಮೊದಲ ವರ್ಷವೇ ಮೂರು ಗಂಟೆ ಎಂದು ಅಂಗಿಯ ಮೇಲೆ ಬರೆಸಿಕೊಂಡು ಹೋಗುವುದು ನಮ್ಮ ಮಟ್ಟಿಗೆ ದುಡ್ಡು ದಂಡ. ಮೊದಲ ವರ್ಷ ಸೀಡಿಂಗ್‌ಗಾಗಿ ಹೋಗಿ, ಎರಡನೆಯ ವರ್ಷ ಸಮಯಕ್ಕಾಗಿ ಹೋಗಿ. ಇಲ್ಲವೇ ಹೆಸರು ಕೊಡುವ ಮೊದಲೇ ಸಮಯ ದಾಖಲಾಗುವ ಬೇರೆ ಸೈಕಲ್ ಸ್ಪರ್ಧೆಯೊಂದರಲ್ಲಿ ತುಳಿದು, ಆ ಫಲಿತಾಂಶ ಅವರಿಗೆ ಒಪ್ಪಿಗೆಯೇ ಎಂದು ಆಯೋಜಕರನ್ನು ಕೇಳಿ. ವಾಟ್ ಅಳೆಯುವ ಪವರ್ ಮೀಟರ್‌ಗೆ ಸುರಿಯುವ ದುಡ್ಡಿಗಿಂತ ಇದರ ಫಲ ಹೆಚ್ಚು.

ದಾರಿಗೆ ಬರೋಣ. ನಗರ ಬಿಟ್ಟೊಡನೆ ಎಡಿನ್‌ಬರೊ ಡ್ರೈವ್‌ನ ಏರು. ಬಹಳ ಕಡಿದಲ್ಲ, ಆದರೆ ಮೈ ಬಿಸಿಯಾಗುವ ಮೊದಲೇ ಬರುತ್ತದೆ, ಗುಂಪು ಮೊದಲು ತುಂಡಾಗುವುದು ಇಲ್ಲೇ. ಗುಂಪಿನ ಬಾಲದಲ್ಲಿದ್ದವನ ಮುಂದೆ ಯಾರೋ ಒಬ್ಬ ಬಿಟ್ಟುಕೊಟ್ಟ, ಹತ್ತು ಮೀಟರ್ ಸಂದು ಬಿತ್ತು, ಅಷ್ಟೇ. ಅದನ್ನು ಮುಚ್ಚಲು 400 ವಾಟ್ ಬೇಕು. ಅದಕ್ಕೇ ಏರಿನ ಬುಡಕ್ಕೆ ಬರುವಾಗ ಗುಂಪಿನ ಮೊದಲ ಮೂರನೇ ಒಂದು ಭಾಗದಲ್ಲಿರಬೇಕು. ಮುಂದೆ ಬುಡ ಹತ್ತಿ, ನಿಧಾನಕ್ಕೆ ಹಿಂದೆ ಸರಿಯುತ್ತ, ತುದಿ ತಲುಪುವಾಗ ಬಾಲದಲ್ಲಿದ್ದರೂ ಗುಂಪಿನೊಳಗೇ ಇರುತ್ತೀರಿ. ಹಳಬರು ಉಸಿರು ಉಳಿಸುವುದು ಹೀಗೆ. ಹೊಸಬರು ಬಾಲದಲ್ಲಿ ಬುಡ ಹತ್ತಿ ಏರಿನಲ್ಲಿ ಎಲ್ಲರನ್ನೂ ಹಿಂದಿಕ್ಕುತ್ತ ಹೋಗುತ್ತಾರೆ. ನೋಡಲು ಚೆಂದ, ನೂರನೇ ಕಿ.ಮೀ.ಯಲ್ಲಿ ಅದರ ಬಡ್ಡಿ ಕಟ್ಟಬೇಕು.

ಮ್ಯೂಸೆನ್‌ಬರ್ಗ್‌ನಿಂದ ಸೈಮನ್ಸ್ ಟೌನ್ ದಾಟಿ ಸ್ಮಿಟ್ಸ್‌ವಿಂಕಲ್ ಏರಿನವರೆಗೆ ಎಡಕ್ಕೆ ಫಾಲ್ಸ್ ಬೇ ಕಡಲು. ಆಗ್ನೇಯ ಗಾಳಿ ಎದ್ದ ದಿನ ಅದು ನೇರ ಎದುರಿಗೆ ಅಥವಾ ಎಡ ಎದುರಿನಿಂದ ಬಡಿಯುತ್ತದೆ. ಗಾಳಿ ಗಂಟೆಗೆ 30 ಕಿ.ಮೀ. ಇದ್ದರೆ, ಅದೇ 300 ವಾಟ್‌ಗೆ ಒಬ್ಬಂಟಿಯ ವೇಗ 25ರ ಸುತ್ತ. ಮೂರು ಗಂಟೆಯ ಗುರಿ ಉಳಿಯುವುದೂ ಸಾಯುವುದೂ ಈ ಭಾಗದಲ್ಲಿ. ಇಲ್ಲಿ ಸರದಿಯಲ್ಲಿ ಮುಂದೆ ಬರುವ ವಿದ್ಯೆ ಬೇಕು.

ಆ ವಿದ್ಯೆ ಹೀಗಿದೆ. ಎರಡು ಸಾಲು. ಒಂದು ಮುಂದಕ್ಕೆ ಹೋಗುವ ಸಾಲು, ಇನ್ನೊಂದು ಹಿಂದಕ್ಕೆ ಸರಿಯುವ ಸಾಲು. ಗಾಳಿ ಯಾವ ಕಡೆಯಿಂದ ಬರುತ್ತದೋ ಆ ಕಡೆಗೆ ಹಿಂದಕ್ಕೆ ಸರಿಯುವ ಸಾಲು ಇರಬೇಕು. ಆಗ ದಣಿದವರೇ ಗೋಡೆಯಾಗಿ, ಮುಂದೆ ಹೋಗುವವರಿಗೆ ಮರೆಯಾಗುತ್ತಾರೆ. ಫಾಲ್ಸ್ ಬೇಯಲ್ಲಿ ಗಾಳಿ ಎಡದಿಂದ, ಹಾಗಾಗಿ ಬಲಸಾಲು ಮುಂದೆ, ಎಡಸಾಲು ಹಿಂದೆ. ಬಲಸಾಲಿನ ಮೊದಲಿಗ ಎಡಸಾಲಿನ ಮೊದಲಿಗನನ್ನು ದಾಟಿದೊಡನೆ ಅವನ ಮುಂದೆ ಎಡಕ್ಕೆ ಸರಿದು ವೇಗವನ್ನು ಒಂದೆರಡು ಕಿ.ಮೀ. ಮಾತ್ರ ಇಳಿಸುತ್ತಾನೆ. ಬ್ರೇಕ್ ಮುಟ್ಟುವುದಿಲ್ಲ, ತುಳಿಯುವುದನ್ನು ಪೂರ್ತಿ ಬಿಡುವುದೂ ಇಲ್ಲ. ಮುಂದಿನ ಚಕ್ರಕ್ಕೂ ನಿಮ್ಮದಕ್ಕೂ ಅರ್ಧ ಮೀಟರ್ ಅಂತರ. ಎಂಟರಿಂದ ಹನ್ನೆರಡು ಮಂದಿ ಇದ್ದರೆ ಗಾಲಿ ಉರುಳಿದ ಹಾಗೆ ತಾನೇ ತಿರುಗುತ್ತದೆ.

ಇದು ಕೆಡುವುದು ಒಂದೇ ಒಂದು ಚಟದಿಂದ. ತನ್ನ ಸರದಿ ಬಂದೊಡನೆ ಮೀಟರ್‌ನಲ್ಲಿ 38 ಇದ್ದದ್ದನ್ನು 41 ಮಾಡುವವನು. ತನ್ನ ಬಲ ತೋರಿಸಿದೆ ಎಂದುಕೊಳ್ಳುತ್ತಾನೆ. ಆಗುವುದೇನು? ಹಿಂದಿನವನು ಸಂದು ಮುಚ್ಚಲು ಜಿಗಿಯುತ್ತಾನೆ, ಅವನ ಹಿಂದಿನವನು ಇನ್ನೂ ಜೋರಾಗಿ, ಎಂಟನೆಯವನು ಬಿಟ್ಟೇ ಬಿಡುತ್ತಾನೆ. ಅಷ್ಟರಲ್ಲಿ ಎಡಸಾಲು ಬೇರೆ ನಿಧಾನವಾಗಿದೆ. ನಾಲ್ಕು ಸುತ್ತಿನಲ್ಲಿ ಹನ್ನೆರಡು ಮಂದಿಯ ಗುಂಪು ಐದಕ್ಕೆ ಇಳಿಯುತ್ತದೆ, ಐದು ಮಂದಿಗೆ ಸರದಿ ಬೇಗ ಬೇಗ ಬರುತ್ತದೆ, ಎಲ್ಲರೂ ಸೋಲುತ್ತಾರೆ. ಮುಂದೆ ಬಂದಾಗ ವೇಗ ಏರಿಸಬಾರದು, ಇದ್ದಷ್ಟೇ ಇರಬೇಕು, ಅಷ್ಟೇ ನಿಯಮ. ಸುಸ್ತಾದವನು ಬಾಲದಲ್ಲಿ ಕೂತು, ಸರದಿಗೆ ಬರುವುದಿಲ್ಲ ಎಂದು ಬಾಯಿಬಿಟ್ಟು ಹೇಳಿಬಿಡಬೇಕು. ನಾಚಿಕೆಗೆ ಮುಂದೆ ಬಂದು ವೇಗ ಇಳಿಸಿದರೆ ಎಲ್ಲರಿಗೂ ತೊಂದರೆ. ಇನ್ನು ನಿಮ್ಮ ಮುಂದಿನ ಚಕ್ರವನ್ನು ಎದುರಿನವನ ಹಿಂಚಕ್ರದ ಪಕ್ಕಕ್ಕೆ ತೂರಿಸಬೇಡಿ. ಅವನು ಒಂದು ಗುಂಡಿ ತಪ್ಪಿಸಲು ಗೇಣುದ್ದ ಸರಿದರೂ ಬೀಳುವವರು ನೀವು, ಅವನಲ್ಲ.

ಸ್ಮಿಟ್ಸ್‌ವಿಂಕಲ್ ತುದಿಯಿಂದ ದಾರಿ ಪಶ್ಚಿಮ ತೀರಕ್ಕೆ ಹೊರಳುತ್ತದೆ. ಸ್ಕಾರ್ಬರೊ, ಮಿಸ್ಟಿ ಕ್ಲಿಫ್ಸ್, ಕೊಮೆಟ್ಕಿ. ಅದೇ ಗಾಳಿ ಈಗ ಬೆನ್ನಿಗೆ. ಇಲ್ಲಿ ಗುಂಪು 45, 50ರಲ್ಲಿ ಹಾರುತ್ತದೆ. ಸ್ಮಿಟ್ಸ್‌ವಿಂಕಲ್‌ನಲ್ಲಿ ಮೂವತ್ತು ಸೆಕೆಂಡು ಹಿಂದೆ ಬಿದ್ದು ಗುಂಪು ತಪ್ಪಿಸಿಕೊಂಡವನು ಈ ಭಾಗದಲ್ಲಿ ಕಳೆದುಕೊಳ್ಳುವುದು ಮೂವತ್ತು ಸೆಕೆಂಡಲ್ಲ. 15 ಕಿ.ಮೀ. ದೂರ ಗುಂಪಿನಲ್ಲಿ ಏರಿಳಿತ ಸೇರಿ ಸರಾಸರಿ 42ರಲ್ಲಿ ಹೋದರೆ ಇಪ್ಪತ್ತೊಂದೂವರೆ ನಿಮಿಷ, ಒಬ್ಬನೇ 33ರಲ್ಲಿ ಹೋದರೆ ಇಪ್ಪತ್ತೇಳು ನಿಮಿಷ ದಾಟುತ್ತದೆ. ಹಿಂದೆ ಉಳಿದರೆ ಮುಂದಿನ ಗುಂಪನ್ನು ಅಟ್ಟಿಕೊಂಡು ಹೋಗಬೇಡಿ. ಒಂದು ನಿಮಿಷ ಹಗುರಕ್ಕೆ ತುಳಿದು ಹಿಂದಿನ ಗುಂಪಿಗೆ ಸೇರಿಕೊಳ್ಳಿ. ಈ ಬುದ್ಧಿವಾದ ಎಲ್ಲರಿಗೂ ಗೊತ್ತು, ಆ ಹೊತ್ತಿಗೆ ಪಾಲಿಸುವವರು ಕಡಿಮೆ.

ಆಮೇಲೆ ಚಾಪ್‌ಮನ್ಸ್ ಪೀಕ್. 1922ರಲ್ಲಿ ತೆರೆದ, ಬೆಟ್ಟದ ಬಂಡೆ ಕೊರೆದು ಮಾಡಿದ 9 ಕಿ.ಮೀ. ರಸ್ತೆ, 114 ತಿರುವು. ಏರು ಹದವಾದದ್ದು, ಒಂದೇ ಲಯದಲ್ಲಿ ಹತ್ತಬಹುದು. ಇಳಿಜಾರಿನಲ್ಲಿ ಮಾತ್ರ ತಿರುವಿನಾಚೆಯಿಂದ ಗಾಳಿ ಥಟ್ಟನೆ ತಳ್ಳುತ್ತದೆ. ರಿಮ್ ಐವತ್ತು ಮಿ.ಮೀ. ಆಳವಿರುವ ಮುಂಚಕ್ರ ಹಾಕಿಕೊಂಡು ಬಂದವರು ಹ್ಯಾಂಡಲ್ ಬಿಗಿಹಿಡಿದು ಬ್ರೇಕ್ ಹಾಕುತ್ತಲೇ ಇಳಿಯುತ್ತಾರೆ, ಆಳದ ಚಕ್ರ ಉಳಿಸಿದ ಸೆಕೆಂಡುಗಳೆಲ್ಲ ಅಲ್ಲಿಗೆ ಹೋದವು. ಮುಂದಕ್ಕೆ 35 ಮಿ.ಮೀ. ಮೀರದ ಚಕ್ರ ಸಾಕು.

ಹೌಟ್ ಬೇಯಿಂದ ಸೇಕರ್‌ಬಾಸಿ. ಆಫ್ರಿಕಾನ್ಸ್ ಭಾಷೆಯಲ್ಲಿ ಸಕ್ಕರೆ ಪೊದೆ ಎಂಬ ಹೂಗಿಡದ ಹೆಸರು. ಸಿಹಿ ಹೆಸರಿನಲ್ಲಿ ಮಾತ್ರ. ಎರಡು ಕಿ.ಮೀ. ಆಸುಪಾಸಿನ ಏರಾದರೂ 85 ಕಿ.ಮೀ. ತುಳಿದ ಕಾಲಿಗೆ ಅದು ಘಾಟಿಯಾಗುತ್ತದೆ. ನೋಡುಗರು ಕಿಕ್ಕಿರಿದು ಕೂಗುವುದೂ ಇಲ್ಲೇ, ಆ ಕೂಗಿಗೆ ಎದ್ದು ನಿಂತು ತುಳಿಯುವವರ ತೊಡೆ ಸ್ನಾಯು ಹಿಡಿದುಕೊಳ್ಳುವುದೂ ಇಲ್ಲೇ. ಸೈಕಲ್ ಸೇರಿ 84 ಕೆ.ಜಿ. ತೂಕವನ್ನು 120 ಮೀಟರ್ ಮೇಲೆತ್ತಲು, ಏಳು ನಿಮಿಷಕ್ಕಾದರೆ 235 ವಾಟ್, ಆರು ನಿಮಿಷಕ್ಕಾದರೆ 275. ಒಂದೇ ನಿಮಿಷ ಉಳಿಸಲು 40 ವಾಟ್ ಹೆಚ್ಚು. ಆ ನಿಮಿಷವನ್ನು ಬಿಟ್ಟುಕೊಡಿ, ಅಕ್ಕಪಕ್ಕ ಹತ್ತುತ್ತಿರುವ ನಾಲ್ಕೈದು ಮಂದಿಯನ್ನು ಬಿಡಬೇಡಿ. ತುದಿಯಿಂದ ಗುರಿಗೆ ಇನ್ನೂ ಹದಿನೈದು ಕಿ.ಮೀ.ಗೂ ಹೆಚ್ಚು ದಾರಿ ಇದೆ, ಕ್ಯಾಂಪ್ಸ್ ಬೇ ಬಳಿ ಬೆಟ್ಟದಿಂದ ಇಳಿಯುವ ಗಾಳಿ ಒಬ್ಬಂಟಿಯನ್ನು ಸುಮ್ಮನೆ ಬಿಡುವುದಿಲ್ಲ.

ಇಷ್ಟು ನೋಡಿದ ಮೇಲೆ ನಂದಿ ಬೆಟ್ಟದ ತಾಲೀಮು ಎಲ್ಲಿ ತಪ್ಪುತ್ತದೆ ಎಂಬುದು ಕಾಣುತ್ತದೆ. ನಂದಿಯ ಏರು ಎಂಟು ಕಿ.ಮೀ. ಹತ್ತಿರ, ಹವ್ಯಾಸಿಗೆ ಅರ್ಧ ಗಂಟೆ, ಒಂದೇ ಬಿಗಿಯಲ್ಲಿ. ಕೇಪ್‌ಟೌನ್‌ನ ಏರುಗಳು ಆರರಿಂದ ಹನ್ನೆರಡು ನಿಮಿಷದವು, ನಡುವೆ ಗುಂಪಿನ ಜಿಗಿತಗಳು. ಹಾಗಾಗಿ ವಾರಕ್ಕೊಮ್ಮೆ 60, 70 ಕಿ.ಮೀ. ತುಳಿದು ದಣಿದ ಮೇಲೆ, ಏಳು ನಿಮಿಷದ ನಾಲ್ಕು ಏರು, ನಡುವೆ ಐದು ನಿಮಿಷ ಬಿಡುವು. ಇನ್ನೊಂದು ದಿನ ಸಮತಟ್ಟಿನಲ್ಲಿ ಮೂವತ್ತು ಸೆಕೆಂಡು ಜೋರು, ಮೂವತ್ತು ಸೆಕೆಂಡು ಹಗುರ, ಹತ್ತು ಸಲ, ಎರಡು ಸುತ್ತು. ಉಳಿದದ್ದು ಮಾತಾಡುತ್ತ ತುಳಿಯಬಹುದಾದ ವೇಗದಲ್ಲಿ. ವಾರಕ್ಕೆ ಎಂಟರಿಂದ ಹತ್ತು ಗಂಟೆ, ನಾಲ್ಕು ತಿಂಗಳು. ಮೈತೂಕದ ಪ್ರತಿ ಕೆ.ಜಿ.ಗೆ 3.3ರಿಂದ 3.5 ವಾಟ್ ಅನ್ನು ಒಂದು ಗಂಟೆ ತಡೆದುಕೊಳ್ಳುವ ಬಲ ಬಂದರೆ ಗಾಳಿ ಕಡಿಮೆಯಿರುವ ವರ್ಷ ಸಾಕು ಎಂಬುದು ನಮ್ಮ ಅಂದಾಜು.

ಸರದಿಯ ಸವಾರಿಯನ್ನು ಕಲಿಯುವುದು ಎಲ್ಲಿ? ಬಳ್ಳಾರಿ ರಸ್ತೆಯಲ್ಲಂತೂ ಅಲ್ಲ. ಭಾನುವಾರ ಬೆಳಿಗ್ಗೆ ಲಾರಿ, ವಿಮಾನ ನಿಲ್ದಾಣದ ಟ್ಯಾಕ್ಸಿಗಳ ನಡುವೆ ಎರಡು ಸಾಲು ಕಟ್ಟಿ 40ರಲ್ಲಿ ಹೋಗುವವರನ್ನು ಕಂಡರೆ ಭಯವಾಗುತ್ತದೆ. ಮುಚ್ಚಿದ ರಸ್ತೆಯ ವಿದ್ಯೆಯನ್ನು ತೆರೆದ ಹೆದ್ದಾರಿಯಲ್ಲಿ ಆಡಬಾರದು. ಹೆದ್ದಾರಿ ಬಿಟ್ಟು ಒಳರಸ್ತೆಗೆ ಬನ್ನಿ, ಆರೇ ಮಂದಿ, ಒಂದೇ ಸಾಲು, ಮೊದಲಿಗ ಮೂವತ್ತು ಸೆಕೆಂಡಿಗೊಮ್ಮೆ ಹಿಂದೆ ನೋಡಿ ಸರಿದು ಬಾಲಕ್ಕೆ ಬರಲಿ. ವೇಗ 30 ಸಾಕು. ಕಲಿಯಬೇಕಾದದ್ದು ಅಂತರ ಮತ್ತು ಸಮವೇಗ. ನಿಜ ಹೇಳಬೇಕೆಂದರೆ ಇದನ್ನು ನಾಡಿನಲ್ಲಿ ಚೆನ್ನಾಗಿ ಬಲ್ಲವರು ಬೆಂಗಳೂರಿನವರಲ್ಲ. ವಿಜಯಪುರ, ಬಾಗಲಕೋಟೆ ಕಡೆಯ ಹುಡುಗರು. ಜಾತ್ರೆಯ ಸೈಕಲ್ ಪಂದ್ಯಗಳಿಂದ, ಕ್ರೀಡಾ ಹಾಸ್ಟೆಲ್‌ಗಳಿಂದ ಬಂದ ಅವರು ಎದುರಿನವನ ಚಕ್ರ ಹಿಡಿದು ಕೂರುವುದನ್ನು ಯಾವ ಪುಸ್ತಕದಿಂದಲೂ ಕಲಿತವರಲ್ಲ. ವಿದೇಶಿ ತರಬೇತುದಾರನಿಗೆ ತಿಂಗಳ ಶುಲ್ಕ ಕಟ್ಟುವವರು ಒಂದು ವಾರ ಆ ಕಡೆ ಹೋಗಿ ಅವರ ಜತೆ ತುಳಿದು ಬಂದರೆ ಒಳ್ಳೆಯದು. ಕಲಿಸಿದವರಿಗೆ ಅದೇ ಶುಲ್ಕ ಕೊಡಲು ಮರೆಯದಿರಲಿ.

ಸೈಕಲ್ ಪೆಟ್ಟಿಗೆಗೆ ಹಾಕುವಾಗ ಹಾಳಾಗುವುದು ಹೆಚ್ಚಾಗಿ ಒಂದೇ ಭಾಗ: ಹಿಂದಿನ ಡಿರೇಲರ್‌ನ (ಗೇರ್ ಬದಲಿಸುವ ಸಾಧನ) ಹ್ಯಾಂಗರ್, ಅಂದರೆ ಅದನ್ನು ಚೌಕಟ್ಟಿಗೆ ಹಿಡಿದಿಡುವ ತುಂಡು. ಡಿರೇಲರನ್ನು ಹ್ಯಾಂಗರ್‌ನಿಂದ ಬಿಚ್ಚಿ, ಬಟ್ಟೆ ಸುತ್ತಿ, ಚೈನ್‌ಸ್ಟೇ (ಹಿಂಚಕ್ರದ ಪಕ್ಕದ ಚೌಕಟ್ಟಿನ ಕೊಳವೆ) ಒಳಗೆ ಕಟ್ಟಿ. ಬಾಗಿದ ಹ್ಯಾಂಗರ್‌ನಲ್ಲಿ ಗೇರ್ ತಾನೇ ಜಿಗಿಯುತ್ತದೆ, ಕಡಿದಾದ ಏರಿನಲ್ಲಿ ಚೈನ್ ಕಡ್ಡಿಗಳ ನಡುವೆ ಸಿಕ್ಕಿಕೊಳ್ಳಲೂಬಹುದು. ನಿಮ್ಮ ಸೈಕಲ್ಲಿಗೆ ಹೊಂದುವ ಇನ್ನೊಂದು ಹ್ಯಾಂಗರ್ ಜೇಬಿನಲ್ಲಿರಲಿ. ಡಿಸ್ಕ್ ಬ್ರೇಕ್ ಇದ್ದರೆ ಚಕ್ರ ತೆಗೆದ ಮೇಲೆ ಪ್ಯಾಡ್‌ಗಳ ನಡುವೆ ಬಿಲ್ಲೆ ಇಡಿ, ಇಲ್ಲದಿದ್ದರೆ ದಾರಿಯಲ್ಲಿ ಲಿವರ್ ಒತ್ತಿ ಪ್ಯಾಡ್‌ಗಳು ಕೂಡಿಕೊಳ್ಳುತ್ತವೆ. ಸೀಟಿನ ಎತ್ತರಕ್ಕೆ ಟೇಪ್ ಗುರುತು. ಟೈರ್‌ಗೆ 110 ಪಿಎಸ್‌ಐ ತುಂಬುವ ಹಳೆಯ ಅಭ್ಯಾಸ ಬಿಡಿ: 75 ಕೆ.ಜಿ. ಸವಾರನಿಗೆ 28 ಮಿ.ಮೀ. ಟ್ಯೂಬ್‌ಲೆಸ್ ಟೈರ್‌ಗೆ 65ರಿಂದ 70 ಸಾಕು. ಹೆಚ್ಚಿದರೆ ಒರಟು ಡಾಂಬರಿನಲ್ಲಿ ಪುಟಿಯುತ್ತದೆ, ಪುಟಿದಷ್ಟೂ ವೇಗ ಸೋರುತ್ತದೆ. ಗೇರ್‌ಗೆ ಮುಂದೆ 50-34 ಹಲ್ಲು, ಹಿಂದೆ 11-30 ಸಾಕು. 50ಕ್ಕೆ 11 ಹಾಕಿ ನಿಮಿಷಕ್ಕೆ 95 ಸಲ ತುಳಿದರೆ 54 ಕಿ.ಮೀ. ವೇಗ, ಅದಕ್ಕಿಂತ ದೊಡ್ಡ ಹಲ್ಲು ಯಾಕೆ ಬೇಕು?

ಊಟದ ಮಾತು ಚುಟುಕಾಗಿ. ಮೂರು ಗಂಟೆಗೆ 200 ಗ್ರಾಂ ಸಕ್ಕರೆ ಅಂಶ. 750 ಮಿ.ಲೀ.ನ ಎರಡು ಬಾಟಲಿ, ಒಂದೊಂದಕ್ಕೆ 80 ಗ್ರಾಂ ಸಕ್ಕರೆ, ಕಾಲು ಚಮಚ ಉಪ್ಪು, ಅರ್ಧ ನಿಂಬೆ. ಗಟ್ಟಿ ಪಾನಕವೇ, ಬೇರೇನಲ್ಲ. ಜತೆಗೆ ಎರಡು ಜೆಲ್ (ಸಕ್ಕರೆ ಪಾಕದ ಪೊಟ್ಟಣ). ತಾಲೀಮಿನಲ್ಲಿ ಒಗ್ಗಿಸಿಕೊಳ್ಳದೆ ಅಂದೇ ಕುಡಿದರೆ ಹೊಟ್ಟೆ ತಿರುಗುತ್ತದೆ. ಬಾಳೆಹಣ್ಣು ಸುಲಿಯಲು ಎರಡು ಕೈ ಬೇಕು, ಕಡಲೆ ಚಿಕ್ಕಿ ಅಗಿಯಲು ಬಿಡುವು ಬೇಕು, ಗುಂಪಿನೊಳಗೆ ಎರಡೂ ಇರುವುದಿಲ್ಲ. ನೀರಿನ ಮೇಜಿನ ಬಳಿ ನಿಂತರೆ ಒಂದು ನಿಮಿಷವಷ್ಟೇ ಅಲ್ಲ, ಗುಂಪೂ ಹೋಯಿತು.

ಕೊನೆಗೆ ಹ್ಯಾಂಡಲ್ ಪಕ್ಕ ಒಂದು ಬಿಳಿ ಟೇಪ್ ಅಂಟಿಸಿ, ಮಾಸದ ಪೆನ್ನಿನಲ್ಲಿ ಮೂರು ಸಾಲು ಬರೆಯಿರಿ: 54 ಕಿ.ಮೀ. 1:30, 80 ಕಿ.ಮೀ. 2:14, 94 ಕಿ.ಮೀ. 2:37. ಬೆವರಿಗೆ ಅಳಿಸದಂತೆ ಮೇಲೆ ಪಾರದರ್ಶಕ ಟೇಪ್. ಗಾಳಿಯ ದಿನ ಅರ್ಧ ದಾರಿಗೆ 1:35 ಆಗಿದ್ದರೂ ಬೆನ್ನುಗಾಳಿಯಲ್ಲಿ ಗುಂಪು ಗಟ್ಟಿಯಿದ್ದರೆ ಮೂರು ಗಂಟೆ ಇನ್ನೂ ಬದುಕಿರುತ್ತದೆ. 1:40 ದಾಟಿದ್ದರೆ ಆ ಟೇಪನ್ನು ಕಿತ್ತು ಜೇಬಿಗೆ ಹಾಕಿ, 3:15ಕ್ಕೆ ತುಳಿಯಿರಿ. ಆ ಸಮಯಕ್ಕೂ ಮುಂದಿನ ವರ್ಷ ಮುಂದಿನ ಗುಂಪು ಸಿಕ್ಕೀತು. ಬೆಂಕಿ, ಗಾಳಿ ಕೆಲವೊಮ್ಮೆ ಯಾರ ಲೆಕ್ಕಕ್ಕೂ ಸಿಗುವುದಿಲ್ಲ: 2015ರಲ್ಲಿ ಕಾಡ್ಗಿಚ್ಚಿನಿಂದ ದಾರಿಯನ್ನು 47 ಕಿ.ಮೀ.ಗೆ ಇಳಿಸಿದರು, 2017ರಲ್ಲಿ ಗಾಳಿಯಿಂದಾಗಿ ಹೊರಟ ಮೇಲೆ ಸ್ಪರ್ಧೆಯನ್ನೇ ನಿಲ್ಲಿಸಿದರು. ಅಂದು ಜನ ಸೈಕಲ್ ಹಿಡಿದು ನಿಲ್ಲಲಾಗದೆ, ಸೈಕಲ್ಲುಗಳೇ ಗಾಳಿಗೆ ತೇಲಿದ ಚಿತ್ರಗಳನ್ನು ಲೋಕವೆಲ್ಲ ನೋಡಿದೆ.

ಆದ್ದರಿಂದ ನಿಮ್ಮಲ್ಲಿ ಒಂದು ಕೋರಿಕೆ. ನಮ್ಮವರು ಇಂಥ ಸ್ಪರ್ಧೆ ಮುಗಿಸಿ ಬಂದಾಗ ಸಮಯ ಅಚ್ಚು ಹಾಕಿ, ಬೇಡ ಎನ್ನುವುದಿಲ್ಲ. ಪಕ್ಕದಲ್ಲಿ ಇನ್ನೆರಡು ವಿವರ ಇರಲಿ: ಎಷ್ಟನೆಯ ಗುಂಪಿನಲ್ಲಿ ಹೊರಟರು, ಅಂದು ಗಾಳಿ ಎಷ್ಟಿತ್ತು. ಹಿಂದಿನ ಗುಂಪಿನಿಂದ ಹೊರಟು, ಗಾಳಿಯ ದಿನ 3 ಗಂಟೆ 20 ನಿಮಿಷಕ್ಕೆ ಮುಗಿಸಿದವರ ಹೆಸರನ್ನು 2:58ರವರ ಕೆಳಗೆ ಸಣ್ಣ ಅಕ್ಷರದಲ್ಲಿ ಹಾಕುವ ಮೊದಲು ಒಮ್ಮೆ ಅವರಿಗೆ ಫೋನ್ ಮಾಡಿ ಕೇಳಿ.

ಇಂತಿ,
ಕೆಲವು ಹವ್ಯಾಸಿ ಸೈಕ್ಲಿಸ್ಟರು, ಬೆಂಗಳೂರು